ಯಾವ ಕಾಯಿಲೆಗೆ ಎಷ್ಟು ದಿನ ಮನೆ? ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಿಗೆ,

ನಮಸ್ಕಾರ.

ಮಳೆಗಾಲ ಹಿಡಿದರೆ ನಮ್ಮ ಜಿಲ್ಲೆಯ ಮನೆಮನೆಯಲ್ಲಿ ರಾತ್ರಿ ಒಂದೇ ಪ್ರಶ್ನೆ. ನಾಳೆ ಶಾಲೆಗೆ ರಜೆ ಉಂಟಾ? ನಿಮ್ಮ ಆದೇಶ ಮೊಬೈಲಿಗೆ ಬರುತ್ತದೆ. ಯಾವ ಯಾವ ತಾಲೂಕು, ಅಂಗನವಾಡಿಯಿಂದ ಯಾವ ತರಗತಿವರೆಗೆ, ಎಲ್ಲ ಅದರಲ್ಲಿ ಸ್ಪಷ್ಟವಾಗಿರುತ್ತದೆ. ನಿರ್ಧಾರದ ಭಾರವನ್ನು ನೀವು ಹೊತ್ತುಕೊಳ್ಳುತ್ತೀರಿ. ಅದಕ್ಕೆ ನಾವೆಲ್ಲ ಋಣಿ.

ಅದೇ ಮಳೆಗಾಲದಲ್ಲಿ ಮಗುವಿಗೆ ಜ್ವರ ಬರುತ್ತದೆ, ಕಣ್ಣು ಕೆಂಪಾಗುತ್ತದೆ, ಮೈಮೇಲೆ ಗುಳ್ಳೆ ಏಳುತ್ತದೆ. ಆಗ ನಿರ್ಧಾರ ಯಾರದು? ಬೆಳಿಗ್ಗೆ ಏಳು ಗಂಟೆಗೆ ತಾಯಿಯದು. ಹತ್ತು ಗಂಟೆಗೆ ತರಗತಿಯ ಅಕ್ಕೋರದ್ದೋ ಮಾಸ್ತರದ್ದೋ. ಇಬ್ಬರ ಕೈಯಲ್ಲೂ ನೋಡಿ ಹೇಳಲು ಒಂದು ನಿಯಮ ಇಲ್ಲ. ಒಬ್ಬರು ಹೆದರಿ ತಿಂಗಳುಗಟ್ಟಲೆ ಮಗುವನ್ನು ದೂರ ಇಡುತ್ತಾರೆ. ಇನ್ನೊಬ್ಬರು ಕೆಂಡದಂಥ ಮೈ ಇದ್ದರೂ ಕೂರಿಸಿಕೊಳ್ಳುತ್ತಾರೆ.

ನಾನು ಈ ಜಿಲ್ಲೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ, ಘಟ್ಟದ ಮೇಲೂ ಕೆಳಗೂ, ಪಾಠ ಮಾಡಿ ನಿವೃತ್ತಳಾದವಳು. ನನ್ನ ಬೇಡಿಕೆ ಒಂದೇ. ಯಾವ ಕಾಯಿಲೆಗೆ ಎಷ್ಟು ದಿನ ಮನೆಯಲ್ಲಿರಬೇಕು, ಯಾವುದಕ್ಕೆ ಶಾಲೆಗೆ ಬರಬಹುದು ಎಂದು ಹೇಳುವ ಒಂದೇ ಒಂದು ಹಾಳೆ ಬೇಕು. ಆರೋಗ್ಯ ಇಲಾಖೆ, ಶಿಕ್ಷಣ ಇಲಾಖೆ ಎರಡೂ ಸೇರಿ ಸಹಿ ಮಾಡಿದ ಹಾಳೆ. ಜಿಲ್ಲೆಯ ಪ್ರತಿ ಶಾಲೆಯ, ಪ್ರತಿ ಅಂಗನವಾಡಿಯ ಗೋಡೆಯ ಮೇಲೆ ಅದು ಇರಬೇಕು.

ಸುತ್ತೋಲೆಗಳು ಬಂದೇ ಇಲ್ಲ ಅನ್ನುವುದಿಲ್ಲ. ಕೋವಿಡ್ ಮತ್ತೆ ತಲೆ ಎತ್ತಿದಾಗ, 2025ರ ಮೇ ಕೊನೆಯಲ್ಲಿ, ರಾಜ್ಯ ಸರಕಾರ ಒಂದು ಸೂಚನೆ ಕೊಟ್ಟಿತ್ತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಲಕ್ಷಣ ಪೂರ್ತಿ ಹೋದ ಮೇಲೆ ಕಳಿಸಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಸಹಜ. ನೆಗಡಿ ಹೋದ ಮೇಲೂ ಕೆಮ್ಮು ಎರಡು ಮೂರು ವಾರ ಉಳಿಯುತ್ತದೆ. ಕೆಮ್ಮು ಪೂರ್ತಿ ನಿಲ್ಲುವ ತನಕ ಅಂತ ಕಾದರೆ ನಮ್ಮ ಕಡೆಯ ಮಗು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲೇ ಇರಬೇಕಾದೀತು. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು ಅನ್ನುತ್ತದೆ. ಒಂದೊಂದು ನೆಗಡಿಗೆ ಬರೀ ಆರು ದಿನ ಹಿಡಿದರೂ ಅದರಲ್ಲಿ ನಲವತ್ತು ದಿನ ಹೋಯಿತಲ್ವಾ?

ಜ್ವರದ ನಿಯಮ ಅಷ್ಟು ಕಷ್ಟದ್ದಲ್ಲ. ಜ್ವರದ ಔಷಧಿ ಕೊಡದೆಯೂ 24 ಗಂಟೆ ಜ್ವರ ಬರಲಿಲ್ಲ, ಮಗು ಗೆಲುವಾಗಿದೆ, ಊಟ ಮಾಡುತ್ತಿದೆ ಎಂದರೆ ಶಾಲೆಗೆ ಬರಲಿ. ಚೂರು ಕೆಮ್ಮು, ಸೋರುವ ಮೂಗು ಇದ್ದರೂ ಬರಲಿ. ಇಲ್ಲಿ ಮುಖ್ಯವಾದ ಮಾತು ‘ಔಷಧಿ ಕೊಡದೆ’ ಎನ್ನುವುದು. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸುವುದು ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ. ಪ್ರಾರ್ಥನೆಯ ಹೊತ್ತಿಗೆ ಮಗು ಚೆನ್ನಾಗಿಯೇ ಇರುತ್ತದೆ. ಆ ಔಷಧಿಯ ಬಲ ನಾಲ್ಕರಿಂದ ಆರು ಗಂಟೆ ಮಾತ್ರ. ಬಿಸಿಯೂಟದ ಹೊತ್ತಿಗೆ ಮಗು ಬೆಂಚಿನ ಮೇಲೆ ತಲೆ ಇಟ್ಟು ಮಲಗಿರುತ್ತದೆ. ಅಷ್ಟರಲ್ಲಿ ಪಕ್ಕದ ಇಬ್ಬರಿಗೆ ಕೊಡುವಷ್ಟು ಕೊಟ್ಟಾಗಿರುತ್ತದೆ.

ಹಾಗೆ ಕಳಿಸಿದ ತಾಯಿಯನ್ನು ಬೈಯುವುದು ಸುಲಭ. ನಾನು ಬೈಯಲಾರೆ. ನಸುಕಿನಲ್ಲಿ ಬಂದರಿಗೆ ಹೋಗಿ ಮೀನು ಹಿಡಿದುಕೊಂಡು ಬುಟ್ಟಿ ಹೊತ್ತು ಮನೆಮನೆಗೆ ತಿರುಗುವವಳು ಆಕೆ. ಅಥವಾ ಗೇರು ಕಾರ್ಖಾನೆಗೆ ಹೋಗುವವಳು. ಅಥವಾ ಸೊಪ್ಪು ತರಕಾರಿ ಕಟ್ಟಿಕೊಂಡು ಅಂಕೋಲೆಯ ಪೇಟೆಗೆ ಬರುವ ಹಾಲಕ್ಕಿ ಹೆಂಗಸು. ಘಟ್ಟದ ಮೇಲಾದರೆ ಅಡಿಕೆ ಸುಲಿಯಲು ಹೋಗುವವಳು. ಒಂದು ದಿನ ಮನೆಯಲ್ಲಿ ಕೂತರೆ ಆ ದಿನದ ದುಡಿಮೆ ಇಲ್ಲ. ಮಗುವಿಗೆ ಆ ದಿನದ ಬಿಸಿಯೂಟವೂ ಇಲ್ಲ, ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಕಾಯಿಲೆ ಬಿದ್ದ ಮಗುವಿಗೇ ಊಟ ತಪ್ಪುತ್ತದೆ ಎನ್ನುವುದು ನನಗೆ ಯಾವತ್ತೂ ಸಂಕಟದ ವಿಷಯ.

ಅದಕ್ಕೇ ಹೇಳುತ್ತಿದ್ದೇನೆ, ಲೆಕ್ಕ ಸರಿಯಾಗಿರಬೇಕು. ಬೇಕಾದ್ದಕ್ಕಿಂತ ಒಂದು ದಿನ ಜಾಸ್ತಿ ಮನೆಯಲ್ಲಿರು ಅಂದರೂ ಆ ತಾಯಿಯ ದುಡಿಮೆಗೆ ಕಲ್ಲು. ಒಂದು ದಿನ ಕಮ್ಮಿ ಅಂದರೆ, ಆ ಮಗುವಿನಿಂದ ನಾಲ್ಕು ಮಕ್ಕಳಿಗೆ ತಗುಲಿ ನಾಲ್ಕು ತಾಯಂದಿರ ದುಡಿಮೆಗೆ ಕಲ್ಲು. ಎಷ್ಟು ದಿನ ಎಂದು ಡಾಕ್ಟರುಗಳಿಗೆ ಗೊತ್ತಿದೆ. ಗೊತ್ತಿರುವುದು ಶಾಲೆಯ ಬಾಗಿಲ ತನಕ ಬಂದಿಲ್ಲ, ಅಷ್ಟೇ.

ಚಿಕನ್ ಪಾಕ್ಸ್ ವಿಷಯವನ್ನೇ ನೋಡಿ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಅದರ ಕಾಲ. ಅಮ್ಮ ಬಂದಿದ್ದಾಳೆ ಅನ್ನುತ್ತಾರೆ ನಮ್ಮಲ್ಲಿ. ಮಗುವನ್ನು ಒಂದು ಕೋಣೆಯಲ್ಲಿ ಮಲಗಿಸಿ, ಬೇವಿನ ಸೊಪ್ಪು ಇಟ್ಟು, ಹೊರಗಿನವರನ್ನು ಒಳಗೆ ಬಿಡದೆ, ಗುಳ್ಳೆ ಒಣಗಿದ ಮೇಲೆ ತಲೆಗೆ ನೀರು ಹಾಕುತ್ತಾರೆ. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವನ್ನು ಬೇರೆಯವರಿಂದ ದೂರ ಇಡಬೇಕು, ಗುಳ್ಳೆ ಒಣಗುವ ತನಕ ಕಾಯಬೇಕು ಎನ್ನುವುದನ್ನು ನಮ್ಮ ಅಜ್ಜಿಯರು ಸರಿಯಾಗಿಯೇ ಹಿಡಿದಿದ್ದರು. ವೈದ್ಯರ ನಿಯಮವೂ ಅದೇ. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಬೇಕು. ಸಾಮಾನ್ಯವಾಗಿ ಗುಳ್ಳೆ ಎದ್ದ ಮೇಲೆ ಐದರಿಂದ ಏಳು ದಿನ. ಅದಾದ ಮೇಲೆ ಮಗು ಶಾಲೆಗೆ ಬರಬಹುದು. ಹಕ್ಕಳೆ ಉದುರಬೇಕಿಲ್ಲ. ಕಲೆ ಮಾಯಬೇಕಿಲ್ಲ. (ಒಂದು ಮಾತು ಮಾತ್ರ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ. ಜ್ವರ ಬಿಡದಿದ್ದರೆ, ಉಸಿರು ಕಷ್ಟವಾದರೆ, ಮಗು ಮಂಕಾದರೆ, ಅಮ್ಮ ಅಂತ ಕೈಮುಗಿದು ಕೂರಬೇಡಿ. ಡಾಕ್ಟರಿಗೆ ತೋರಿಸಿ.)

ಆದರೆ ಶಾಲೆಗಳಲ್ಲಿ ಏನಾಗುತ್ತದೆ? ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿಗೆ ಮುಖದ ಕಪ್ಪು ಕಲೆ ಹೋಗುವ ತನಕ ಬರಬೇಡ ಅಂದರು. ಪಾಲಕರೇ ಬಂದು ಒತ್ತಾಯ ಮಾಡಿದ್ದರು. ಆ ಕಲೆ ಹೋಗಲು ತಿಂಗಳುಗಳೇ ಬೇಕು. ಹುಡುಗಿ ಭಾಗಾಕಾರ ಕಲಿಯುವ ಹೊತ್ತಿಗೆ ಮನೆಯಲ್ಲಿದ್ದಳು. ಅವಳ ತಮ್ಮನನ್ನೂ ವಾಪಸ್ ಕಳಿಸಿದರು, ಅವನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕಾಗಬಹುದು. ಅಷ್ಟೂ ದಿನ ಅಣ್ಣ ತಮ್ಮಂದಿರನ್ನು ಹೊರಗಿಡುವುದು ಸರಿಯಲ್ಲ. ದಿನಾ ಮೈ ನೋಡಿ ಕಳಿಸಿ ಎಂದರೆ ಸಾಕು.

ನಿಜವಾಗಿ ಎಚ್ಚರ ವಹಿಸಬೇಕಾದ ಕಡೆ ಯಾರೂ ಎಚ್ಚರ ವಹಿಸುವುದಿಲ್ಲ. ತರಗತಿಯಲ್ಲಿ ಚಿಕನ್ ಪಾಕ್ಸ್ ಕಾಣಿಸಿದರೆ, ಬಸುರಿ ಶಿಕ್ಷಕಿ ಇದ್ದಾರಾ, ಅವರಿಗೆ ಹಿಂದೆ ಅದು ಬಂದಿತ್ತಾ ಎಂದು ಮೊದಲು ಕೇಳಬೇಕು. ಬಂದಿರದಿದ್ದರೆ ಅವರು ಅದೇ ದಿನ ಡಾಕ್ಟರನ್ನು ಕಾಣಬೇಕು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಆ ಶಾಲೆಯಲ್ಲಿದ್ದರೆ ಆ ಮನೆಗೆ ಕೂಡಲೇ ಸುದ್ದಿ ಮುಟ್ಟಬೇಕು. ಹಾಳೆಯಲ್ಲಿ ಇದು ದಪ್ಪ ಅಕ್ಷರದಲ್ಲಿ ಇರಲಿ.

ದಡಾರದ ಮಾತು ಇನ್ನೂ ಗಂಭೀರ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಆ ಗಾಳಿಯಲ್ಲಿ ದಡಾರದ ವೈರಸ್ ಇರಬಲ್ಲದು. ಮೈಮೇಲೆ ಕೆಂಪು ದದ್ದು ಎದ್ದ ಮೇಲೆ ನಾಲ್ಕು ದಿನ ಮಗು ಮನೆಯಲ್ಲಿರಬೇಕು. ಅಷ್ಟೇ ಅಲ್ಲ, ಶಾಲೆಯವರು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಬೇಕು. ಯಾಕೆಂದರೆ ಲಸಿಕೆ ಹಾಕಿಸಿರದ ಮಗುವಿಗೆ, ರೋಗಿಯ ಹತ್ತಿರ ಇದ್ದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಪ್ಪಬಹುದು. ಒಂದು ದಿನ ಸುಮ್ನೆ ಕೂತರೆ ಆ ಅವಕಾಶದ ಮೂರನೇ ಒಂದು ಪಾಲು ಹೋಯಿತು. 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಅಭಿಯಾನ ಕರ್ನಾಟಕದಲ್ಲಿ ಶುರುವಾದಾಗ ಶಾಲೆಗಳೇ ಲಸಿಕೆ ಕೇಂದ್ರ ಆಗಿದ್ದವು. ಆಗ ಎರಡೂ ಇಲಾಖೆ ಒಟ್ಟಿಗೆ ನಿಂತಿದ್ದನ್ನು ನಾವು ಕಂಡಿದ್ದೇವೆ. ಆ ಒಗ್ಗಟ್ಟು ಈಗಲೂ ಬೇಕು.

ಕೆಪ್ಪಟರಾಯ, ಅಂದರೆ ಮಂಪ್ಸ್, ಕೆನ್ನೆ ಊದಿದ ಮೇಲೆ ಐದು ದಿನ. ಸರಕಾರ ಉಚಿತವಾಗಿ ಕೊಡುವ ದಡಾರ–ರುಬೆಲ್ಲಾ ಲಸಿಕೆಯಲ್ಲಿ ಮಂಪ್ಸ್ ತಡೆಯುವುದು ಸೇರಿಲ್ಲ. ಹಾಗಾಗಿ ಒಂದು ಮಗುವಿಗೆ ಬಂದರೆ ತರಗತಿಯಲ್ಲಿ ಹಲವರಿಗೆ ಬರುತ್ತದೆ.

ಕಣ್ಣುಬೇನೆ ನೆನಪಿದೆಯಲ್ವಾ? 2023ರ ಜುಲೈ, ಆಗಸ್ಟಿನಲ್ಲಿ ರಾಜ್ಯದ ತುಂಬಾ ಅದೇ. ಬ್ರಿಟನ್ನಿನ ಆರೋಗ್ಯ ಇಲಾಖೆ ಕಣ್ಣುಬೇನೆಗೆ ಶಾಲೆ ಬಿಡಬೇಕಿಲ್ಲ ಅನ್ನುತ್ತದೆ. ನಮ್ಮ ಶಾಲೆಗೆ ಅದು ಹಾಗೇ ಹೊಂದೀತು ಎಂದು ನನಗೆ ಅನಿಸುವುದಿಲ್ಲ. ಒಂದು ಬೆಂಚಿಗೆ ಮೂರು ನಾಲ್ಕು ಮಕ್ಕಳು, ಒಂದೇ ನಲ್ಲಿ, ಒಬ್ಬರ ಸೀಸದಕಡ್ಡಿ ಇನ್ನೊಬ್ಬರ ಕೈಯಲ್ಲಿ. ನಲಿ–ಕಲಿ ಮಕ್ಕಳಂತೂ, ಅಂದರೆ ಒಂದರಿಂದ ಮೂರನೇ ತರಗತಿಯವರು, ನೆಲದ ಮೇಲೆ ಗುಂಪಾಗಿ ಕೂತಿರುತ್ತಾರೆ. ಕಣ್ಣಿನಿಂದ ನೀರು, ಪಿಸುರು ಬರುವುದು ಕಮ್ಮಿಯಾಗುವ ತನಕ ಸಣ್ಣವರು ಮನೆಯಲ್ಲಿರುವುದೇ ವಾಸಿ. ದೊಡ್ಡ ಮಕ್ಕಳು, ಕೈ ತೊಳೆಯಲು ಗೊತ್ತಿರುವವರು, ಬೇಗ ಬರಬಹುದು. ಇಲ್ಲಿ ಎಷ್ಟು ದಿನ ಎಂದು ನಮ್ಮ ಜಿಲ್ಲೆಯ ಕಣ್ಣಿನ ಡಾಕ್ಟರುಗಳೇ ಹೇಳಲಿ. ಕಾರವಾರದಲ್ಲಿ ವೈದ್ಯಕೀಯ ಕಾಲೇಜೇ ಇದೆ.

ವಾಂತಿ ಭೇದಿಗೆ ನಿಯಮ, ಕೊನೆಯ ಸಲ ಆದ ಮೇಲೆ 48 ಗಂಟೆ. ಇದು ಮಕ್ಕಳಿಗಷ್ಟೇ ಅಲ್ಲ, ಬಿಸಿಯೂಟ ಮಾಡುವ ಅಕ್ಕಂದಿರಿಗೂ ಅನ್ವಯಿಸಬೇಕು. ಅವರಿಗೇ ಹೊಟ್ಟೆ ಕೆಟ್ಟಾಗ ಅಡುಗೆ ಮಾಡಿಸುವುದು ಇಡೀ ಶಾಲೆಗೆ ಅಪಾಯ. ಆದರೆ ಅವರು ಹೇಳಿಕೊಳ್ಳುವುದಿಲ್ಲ. ಸಿಗುವುದೇ ಒಂದಿಷ್ಟು ಗೌರವಧನ, ಅದರಲ್ಲೂ ಕಡಿತ ಆದರೆ ಎಂಬ ಹೆದರಿಕೆ. ಆ ಎರಡು ದಿನದ ದುಡ್ಡು ಹಿಡಿಯುವುದಿಲ್ಲ ಎಂದು ನೀವು ಬರೆದು ಕೊಡಿ. ಹಾಗೆಯೇ ಸೋಪು ಕೊಡಿ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಇನ್ನೂ ಕೆಲವು ಕಡೆ ಇದೆ. ಭೇದಿಯ ಕೆಲವು ವೈರಸ್‌ಗಳಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು, ಹರಿಯುವ ನೀರು, ಇವೇ ಬೇಕು.

ಕಾಮಾಲೆಯಲ್ಲೂ ಹೀಗೇ. ನೀರಿನಿಂದ, ಮಲ ಸೋಕಿದ ಕೈಯಿಂದ ಹರಡುವ ಕಾಮಾಲೆಗೆ, ಅಂದರೆ ಹೆಪಟೈಟಿಸ್ ಎ ಆದರೆ, ಕಣ್ಣು ಹಳದಿಯಾದ ಮೇಲೆ ಒಂದು ವಾರ ಮನೆ. ಆದರೆ ಅದು ಜೋರಾಗಿ ಹರಡುವುದು ಕಣ್ಣು ಹಳದಿಯಾಗುವ ಮುಂಚಿನ ಒಂದೆರಡು ವಾರದಲ್ಲಿ. ಹಾಗಾಗಿ ಒಂದು ಮಗುವಿಗೆ ಕಾಮಾಲೆ ಬಂತು ಎಂದರೆ ಶಾಲೆಯ ಬಾವಿ, ಟ್ಯಾಂಕು, ಶೌಚಾಲಯ ನೋಡಬೇಕು. ಮಗುವನ್ನು ಮನೆಗೆ ಕಳಿಸಿ ಬಾವಿಯನ್ನು ಹಾಗೇ ಬಿಟ್ಟರೆ ಏನು ಪ್ರಯೋಜನ?

ಇಲ್ಲೇ ಇನ್ನೊಂದು ಮಾತು ಪಾಲಕರಿಗೂ ಹೇಳಬೇಕು. ಬಹಳಷ್ಟು ಕಾಯಿಲೆಗಳು ಲಕ್ಷಣ ಕಾಣುವ ಮುಂಚೆಯೇ ಹರಡುತ್ತವೆ. ಚಿಕನ್ ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ, ಮಂಪ್ಸ್ ಕೆನ್ನೆ ಊದುವ ಮೊದಲೇ. ಆದ್ದರಿಂದ ‘ಯಾರ ಮನೆಯ ಮಗುವಿನಿಂದ ಬಂತು’ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ನಾನು ಕಂಡ ಹಾಗೆ ಆ ಬೆರಳು ಕೊನೆಗೆ ಹೋಗಿ ನಿಲ್ಲುವುದು ಕೇರಿಯ ಬಡ ಮಗುವಿನ ಕಡೆಗೆ, ಗೌಳಿವಾಡದ ಮಗುವಿನ ಕಡೆಗೆ, ಸಿದ್ದಿ ಮಗುವಿನ ಕಡೆಗೆ. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ದಿನಗಳ ಲೆಕ್ಕ ಗೋಡೆಯ ಮೇಲೆ ಬರೆದಿದ್ದರೆ ಅದು ಎಲ್ಲರ ಮಕ್ಕಳಿಗೂ ಒಂದೇ ಆಗುತ್ತದೆ.

ಹಾಳೆಯ ಅರ್ಧ ಭಾಗ ‘ಬರಬಹುದು’ ಎನ್ನುವುದಕ್ಕೆ ಇರಲಿ ಎಂದು ನಾನು ಒತ್ತಿ ಕೇಳುತ್ತೇನೆ. ಹೇನು ಇದ್ದರೆ ಬರಬಹುದು. ತಲೆ ಬಾಚಿ, ಔಷಧಿ ಹಾಕಿ, ಮರುದಿನ ಕಳಿಸಲಿ. ಹೇನಿಗಾಗಿ ಹೆಣ್ಣುಮಕ್ಕಳನ್ನು ತರಗತಿಯ ಎದುರು ನಿಲ್ಲಿಸುವುದು ಇವತ್ತಿಗೇ ನಿಲ್ಲಬೇಕು. ಗಜಕರ್ಣಕ್ಕೆ ಮುಲಾಮು ಶುರು ಮಾಡಿದರೆ ಬರಬಹುದು. ಕಜ್ಜಿಯಾದರೆ ಮೊದಲ ಸಲ ಔಷಧಿ ಹಚ್ಚಿದ ಮೇಲೆ ಬರಬಹುದು, ಆದರೆ ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಇಲ್ಲವಾದರೆ ಸುತ್ತಿ ಸುತ್ತಿ ಬರುತ್ತದೆ. ಡೆಂಗಿ, ಮಲೇರಿಯಾ, ಇಲಿ ಜ್ವರ ಇವೆಲ್ಲ ಪಕ್ಕದಲ್ಲಿ ಕೂತರೆ ಬರುವುದಿಲ್ಲ. ಮಗುವಿಗೆ ಶಕ್ತಿ ಬಂದ ಮೇಲೆ ಬರಲಿ.

ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯ ಭಯ ಎಷ್ಟೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ ಅದು. ಹರಡುವುದು ಉಣ್ಣೆ ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಆ ಜ್ವರ ಬಂದ ಮನೆಯ ಮಗುವನ್ನು ದೂರ ಕೂರಿಸಲು ಯಾವ ಕಾರಣವೂ ಇಲ್ಲ. ಹಾಗೇ ಎಚ್‌ಐವಿ ಇರುವ ಮಗು. 2017ರ ಕಾಯ್ದೆ ಅಂಥ ಮಗುವಿಗೆ ಶಾಲೆಯಲ್ಲಿ ಭೇದ ಮಾಡುವುದನ್ನೇ ನಿಷೇಧಿಸಿದೆ. ಆ ಮಗುವಿನ ಕಾಯಿಲೆಯ ಸುದ್ದಿ ಶಾಲೆಗೆ ತಿಳಿಯಲೇಬೇಕು ಎಂದೇನೂ ಇಲ್ಲ.

ಇನ್ನು ಡಾಕ್ಟರ ಸರ್ಟಿಫಿಕೇಟ್. ಎರಡು ದಿನ ಜ್ವರ ಬಂದು ಹೋದ ಮಗುವಿಗೂ ಕೆಲವು ಶಾಲೆಗಳು ಫಿಟ್‌ನೆಸ್ ಸರ್ಟಿಫಿಕೇಟ್ ತಾ ಅನ್ನುತ್ತವೆ. ಜೋಯಿಡಾದ ಒಳಗಿನ ಹಳ್ಳಿಯಿಂದ ಆಸ್ಪತ್ರೆಗೆ ಬರಲು ಇರುವುದು ಒಂದು ಬಸ್ಸೋ ಎರಡು ಬಸ್ಸೋ. ಗುಣವಾದ ಮಗುವನ್ನು ಕರೆದುಕೊಂಡು ಒಂದು ಕಾಗದಕ್ಕಾಗಿ ಒಂದಿಡೀ ದಿನ. ಜ್ವರದ ರೋಗಿಗಳ ಸಾಲಿನಲ್ಲಿ ನಿಂತು ಹೊಸ ಕಾಯಿಲೆ ಹತ್ತಿಸಿಕೊಂಡು ಬಂದರೂ ಬಂತು. ಕ್ಷಯ, ನಾಯಿಕೆಮ್ಮಿನಂಥ, ಔಷಧಿ ಇಷ್ಟು ದಿನ ಆಗಿರಲೇಬೇಕು ಎನ್ನುವ ಕಾಯಿಲೆಗಳಿಗೆ ಡಾಕ್ಟರ ಮಾತು ಬೇಕು. ಉಳಿದವಕ್ಕೆ ತಾಯಿಯ ಮಾತು ಸಾಕು. ಸಂಶಯ ಬಂದರೆ ಆಶಾ ಕಾರ್ಯಕರ್ತೆ ಊರಲ್ಲೇ ಇದ್ದಾರೆ.

ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಕೆಂಪು ಕಣ್ಣು ಇಟ್ಟುಕೊಂಡು ಬಹುಮಾನಕ್ಕಾಗಿ ಬರುವ ಮಕ್ಕಳು ನಿಜವಾಗಿ ಇದ್ದಾರೆ. ಹತ್ತನೇ ತರಗತಿಯವರಿಗೆ ಶೇ 75 ಹಾಜರಾತಿಯ ನಿಯಮ ಇದೆ. ಅದರ ಹೆದರಿಕೆ ಬೇರೆ. ಹಾಳೆಯ ಪ್ರಕಾರ ಮನೆಯಲ್ಲಿದ್ದ ದಿನಗಳನ್ನು ಹಾಜರಿ ಪುಸ್ತಕದಲ್ಲಿ ಬೇರೆ ಗುರುತು ಹಾಕಿ ಬರೆಯಲು ಹೇಳಿ. ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಗುಳ್ಳೆ ಎದ್ದ ಮಗುವಿಗೆ ಬೇರೆ ಕೋಣೆ ಕೊಡಿ. 2020ರ ಜೂನ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಜ್ವರ ಇದ್ದವರಿಗೆ ಪ್ರತ್ಯೇಕ ಕೋಣೆಯ ವ್ಯವಸ್ಥೆ ಆಗಿತ್ತು. ಆಗ ಆದದ್ದು ಈಗ ಆಗದೇ?

ಹಾಸ್ಟೆಲ್ ಮಕ್ಕಳು, ಆಶ್ರಮ ಶಾಲೆಯ ಮಕ್ಕಳು, ಮೊರಾರ್ಜಿ ಶಾಲೆಯ ಮಕ್ಕಳು ‘ಮನೆಯಲ್ಲಿರಿ’ ಎಂದರೆ ಎಲ್ಲಿರಬೇಕು? ಅಲ್ಲಿ ಪ್ರತಿ ಕಡೆ ಎರಡು ಹಾಸಿಗೆಯ ಒಂದು ಕೋಣೆ ಖಾಲಿ ಇರಬೇಕು. ಕಜ್ಜಿ ಬಂದರೆ ಒಬ್ಬರಿಗಲ್ಲ, ಆ ಕೋಣೆಯ ಎಲ್ಲರಿಗೂ ಒಂದೇ ದಿನ ಔಷಧಿ. ಸಾಮಾನ್ಯ ಶಾಲೆಯಲ್ಲೂ ಮಧ್ಯಾಹ್ನ ಜ್ವರ ಬಂದ ಮಗುವನ್ನು ಕರೆದೊಯ್ಯಲು ಯಾರಾದರೂ ಬರುವ ತನಕ ಮಲಗಿಸಲು ಒಂದು ಚಾಪೆ, ಒಂದು ಮೂಲೆ ಬೇಕು. ಆ ಮಗುವನ್ನು ಒಂಟಿಯಾಗಿ ದಾರಿಗೆ ಬಿಡಬಾರದು.

ಊಟದ ಬಗ್ಗೆಯೂ ಯೋಚಿಸಿ. ಕೋವಿಡ್ ಕಾಲದಲ್ಲಿ ಬಿಸಿಯೂಟದ ಅಕ್ಕಿ ಬೇಳೆಯನ್ನು ಮನೆಗೇ ಕೊಟ್ಟಿದ್ದೆವು. ಹಾಳೆಯ ಪ್ರಕಾರ ಮೂರು ದಿನಕ್ಕಿಂತ ಜಾಸ್ತಿ ಮನೆಯಲ್ಲಿರಬೇಕಾದ ಮಗುವಿಗೆ ಆ ದಿನಗಳ ಪಾಲು ತಲುಪಿಸಲು ದಾರಿ ಇದ್ದೇ ಇರುತ್ತದೆ. ಹಾಗೆ ಮಾಡಿದರೆ ಸಿರಪ್ ಕುಡಿಸಿ ಕಳಿಸುವುದು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ ಎಂದು ನನ್ನ ನಂಬಿಕೆ.

ಹಾಳೆ ಕನ್ನಡದಲ್ಲಿರಲಿ. ಭಟ್ಕಳದ ಉರ್ದು ಶಾಲೆಗಳಿಗೆ ಉರ್ದುವಿನಲ್ಲಿ, ಹಳಿಯಾಳ, ಜೋಯಿಡಾ ಕಡೆಯ ಮರಾಠಿ ಶಾಲೆಗಳಿಗೆ ಮರಾಠಿಯಲ್ಲಿ ಕೊಡಿ. ಅಕ್ಷರ ಬಾರದ ತಾಯಂದಿರು ಇದ್ದಾರೆ, ಚಿತ್ರ ಹಾಕಿ. ವರ್ಷದ ಮೊದಲ ಪಾಲಕರ ಸಭೆಯಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷರು ಅದನ್ನು ಓದಿ ಹೇಳಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಆ ದಿನ ಅವರು ಶಿಕ್ಷಕರ ಜೊತೆ ಅರ್ಧ ಗಂಟೆ ಕೂತು ಈ ಹಾಳೆಯ ಬಗ್ಗೆ ಮಾತಾಡಲಿ. ಖಾಸಗಿ ಶಾಲೆಗಳಿಗೂ ಇದೇ ಹಾಳೆ ಇರಲಿ, ಅವರದ್ದೊಂದು ನಮ್ಮದೊಂದು ಬೇಡ.

ಹಾಳೆಯ ಕರಡು ಮಾಡುವಾಗ ಇಬ್ಬರು ಶಿಕ್ಷಕಿಯರನ್ನೂ ಒಬ್ಬ ಆಶಾ ಕಾರ್ಯಕರ್ತೆಯನ್ನೂ ಕೂರಿಸಿಕೊಳ್ಳಿ. ಕರೆದರೆ ನಾನೂ ಬರುತ್ತೇನೆ. ಕಾರವಾರವಾದರೂ ಸರಿ, ಶಿರಸಿಯಾದರೂ ಸರಿ. ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುವ ಮೊದಲು ಇದು ಗೋಡೆಗೆ ಬರಬೇಕು. ಏಪ್ರಿಲ್, ಮೇ ರಜೆ ಅದಕ್ಕೆ ಸಾಕು.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಕುಮಟಾ ತಾಲೂಕು